ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸೀಟು ತಗೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಕಳೆದ ಜೂನ್‌ನಲ್ಲಿ ಅಕ್ಕನ ಮಗ ಬೈಲಹೊಂಗಲದಿಂದ ಬೆಳಗಿನ ಬಸ್ಸಿಗೆ ಬಂದ. ಜೊತೆಗೆ ಅಕ್ಕ. ಅವಳ ಕೈಯಲ್ಲಿ ಐದು ಕಿಲೋ ಜೋಳದ ಹಿಟ್ಟು, ಇವನ ಕೈಯಲ್ಲಿ ಸಿಇಟಿ ರ‍್ಯಾಂಕಿನ ಪ್ರಿಂಟ್. ಚಹಾ ಮುಂದಿಡುವ ಮೊದಲೇ ಕೇಳಿದ.

“ಚಿಗವ್ವ, ನೀ ಓದಿದ್ದ ಬ್ರಾಂಚ್ ನಾನೂ ತಗೊಳ್ಳಲೇನು? ಇಂಡಸ್ಟ್ರಿಯಲ್‌ದಾಗ ನೌಕರಿ ಸಿಗತಾವೇನು?”

“ನೌಕರಿ ಆಮೇಲೆ. ಮೊದಲ ಎಷ್ಟು ರೊಕ್ಕ ಹೋಗತೈತಿ ಅದನ್ನ ಬರಿ,” ಅಂದೆ.

ನಾನು 2007ರಿಂದ 2011ರವರೆಗೆ ಬಾಗಲಕೋಟೆಯಲ್ಲಿ ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್ (ಐಪಿ) ಎಂಜಿನಿಯರಿಂಗ್ ಓದಿದವಳು. ಈಗ ಬೆಳಗಾವಿಯ ಉದ್ಯಮಬಾಗದ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಅವತ್ತು ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಲೆಕ್ಕ ಶುರು ಮಾಡಿದೆವು. ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯವಾಗಿತ್ತು. ಆಮೇಲೆ ಪರಿಚಯದ ಇನ್ನೂ ಮೂರ‍್ನಾಲ್ಕು ಮನೆಯವರು ಇದೇ ಪ್ರಶ್ನೆ ಕೇಳಿದರು. ಅದಕ್ಕೇ ಲೆಕ್ಕ ಹಾಕುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಬ್ರಾಂಚ್ ಅಂದರೆ ಏನು, ರೊಟ್ಟಿಯ ಮುಂದೆ ಕೂತು ನೋಡಿ

ದುಡ್ಡಿಗೂ ಮೊದಲು, ನೀವು ಏನನ್ನು ಕೊಳ್ಳುತ್ತಿದ್ದೀರಿ ಅನ್ನೋದು ಗೊತ್ತಿರಬೇಕು ಅಲ್ವಾ? ಮೆಕ್ಯಾನಿಕಲ್‌ನವರು ಯಂತ್ರ ಮಾಡುತ್ತಾರೆ. ನಾವು ಯಂತ್ರ, ಮನುಷ್ಯ, ಮಾಲು, ಸಮಯ ಇವೆಲ್ಲ ಒಂದಕ್ಕೊಂದು ಕಾಯದ ಹಾಗೆ ಜೋಡಿಸುತ್ತೇವೆ. ಇಷ್ಟು ಹೇಳಿದರೆ ಅವನಿಗೆ ಏನೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು ಅಲ್ಲಿ ಹೋಗಿ ಕೂರು ಅಂದೆ.

ಹತ್ತು ರೊಟ್ಟಿಯ ಸಮಯ ಬರೆದುಕೊಂಡು ಬಂದ. ಒಂದು ರೊಟ್ಟಿ ಬಡಿಯಲು ಸರಾಸರಿ 45 ಸೆಕೆಂಡು. ಹಂಚಿನ ಮೇಲೆ ಬೇಯಲು 80 ಸೆಕೆಂಡು. “ಅಜ್ಜಿಗೆ ಬಡಿಯಾಕ ಇನ್ನೊಬ್ಬರು ಕೈ ಕೂಡಿಸಿದ್ರ ಲಗೂ ಆಗತೈತಿ,” ಅಂದ. ಎಲ್ಲರೂ ಮೊದಲು ಹೇಳುವ ಉತ್ತರ ಇದೇ. ಆದರೆ ಇನ್ನೊಬ್ಬರು ಬಂದರೆ ಬಡಿದ ರೊಟ್ಟಿಗಳು ಹಂಚಿಗಾಗಿ ಕಾಯುತ್ತ ಒಣಗುತ್ತವೆ, ಅಷ್ಟೇ. ಇಪ್ಪತ್ತು ರೊಟ್ಟಿಗೆ 1,600 ಸೆಕೆಂಡು ಬೇಕೇ ಬೇಕು, ಅಂದರೆ ಸುಮಾರು 27 ನಿಮಿಷ. ಯಾಕೆಂದರೆ ಅಡ್ಡಿ ಇರುವುದು ಹಂಚಿನಲ್ಲಿ. ಎರಡನೇ ಹಂಚು ಇಟ್ಟರೆ ಸರಾಸರಿ 40 ಸೆಕೆಂಡಿಗೆ ಒಂದು ಬೇಯುತ್ತದೆ. ಆಗ ಅಡ್ಡಿ ಅವ್ವನ ಕೈಗೆ ಬರುತ್ತದೆ, ಇಪ್ಪತ್ತು ರೊಟ್ಟಿ 15 ನಿಮಿಷದಲ್ಲಿ ಮುಗಿಯುತ್ತದೆ.

ಅವ್ವ ಕೇಳಿಸಿಕೊಂಡು, “ಗ್ಯಾಸ್ ಯಾರು ತುಂಬಿಸ್ತಾರ?” ಅಂದಳು. ಅದೂ ಈ ಓದಿನದೇ ಪ್ರಶ್ನೆ.

ಇದರ ದೊಡ್ಡ ರೂಪ ನೋಡಬೇಕೆಂದರೆ ಕಬ್ಬಿನ ಸೀಸನ್ನಿನಲ್ಲಿ ಯಾವುದಾದರೂ ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಹೋಗಿ. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿರುತ್ತದೆ. ಕಡಿದ ಕಬ್ಬು ಬಿಸಿಲಲ್ಲಿ ತೂಕ ಕಳೆದುಕೊಳ್ಳುತ್ತ ನಿಂತಿರುತ್ತದೆ. ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ. ಕಡಿಯುವ ಚೀಟಿ ಎಷ್ಟು ಕೊಡಬೇಕು, ತೂಕದ ಕಟ್ಟೆ ಎಷ್ಟಿರಬೇಕು ಅಂತ ಲೆಕ್ಕ ಹಾಕುವುದಕ್ಕೆ ಪಠ್ಯದಲ್ಲಿ ಕ್ಯೂಯಿಂಗ್ ಥಿಯರಿ ಅಂತ ಒಂದು ಇಡೀ ಅಧ್ಯಾಯವಿದೆ.

ಆ ಹುಡುಗ ರೊಟ್ಟಿಯ ಲೆಕ್ಕವನ್ನು ಮತ್ತೆ ತಾನೇ ಹಾಕಿ ನೋಡಿದ. ಅದು ನನಗೆ ಒಳ್ಳೆಯ ಸೂಚನೆ ಅನಿಸಿತು. ಹತ್ತು ರೊಟ್ಟಿ ಅಳೆಯುವಷ್ಟರಲ್ಲಿ ಬೇಜಾರು ಬಂದು ರೀಲ್ಸ್ ನೋಡುವ ಹುಡುಗನಾಗಿದ್ದರೆ ಮುಂದಿನ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಖರ್ಚು ಅಂದರೆ ಬರೀ ಫೀಸಲ್ಲ

ಫೀಸಿನ ಅಂಕಿಯನ್ನು ಯಾರ ಬಾಯಿಂದಲೂ ಕೇಳಬೇಡಿ, ನನ್ನಿಂದಲೂ ಬೇಡ. ಪ್ರತಿ ವರ್ಷ ಬದಲಾಗುತ್ತದೆ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಆ ವರ್ಷದ್ದನ್ನು ಪ್ರಕಟಿಸುತ್ತದೆ, ಅದನ್ನೇ ನೋಡಿ. ಸರಕಾರಿ ಕಾಲೇಜು, ಅನುದಾನಿತ ಕೋರ್ಸು, ಖಾಸಗಿ ಕಾಲೇಜಿನ ಸರಕಾರಿ ಕೋಟಾ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯ ಸೀಟು), ಮ್ಯಾನೇಜ್‌ಮೆಂಟ್ ಹೀಗೆ ಒಂದೇ ಬೆಂಚಿನಲ್ಲಿ ಕೂತ ಐವರು ಐದು ಬೇರೆ ಫೀಸು ಕಟ್ಟಿರುತ್ತಾರೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ, ಅಂದರೆ ನಿಗದಿತ ಸಂಖ್ಯೆಯ ಮೇಲೆ ಕೊಡುವ) ಸೀಟು ಕೇಳುವುದನ್ನು ಮರೆಯಬೇಡಿ. ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ, ಉಳಿದ ಶುಲ್ಕ ಮಾತ್ರ. ರಾಜ್ಯ ಸರಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ಎಷ್ಟೋ ಮಂದಿ ಎರಡನೇ ವರ್ಷಕ್ಕೆ ಬಂದಮೇಲೆ ನೆನಪಿಸಿಕೊಳ್ಳುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕ್ಯಾಲೆಂಡರ್ ಹಾಳೆಯಲ್ಲಿ ನಾವು ಸುಮ್ನೆ ಲೆಕ್ಕಕ್ಕೆ ಅಂತ ಹಿಡಿದದ್ದು ಹೀಗೆ. ಫೀಸು ವರ್ಷಕ್ಕೆ 1 ಲಕ್ಷ. ಬಾಗಲಕೋಟೆಯಲ್ಲಿ ಹಾಸ್ಟೆಲ್, ಊಟ, ಊರಿಗೆ ಓಡಾಟ 70 ಸಾವಿರ. ಪುಸ್ತಕ, ಪರೀಕ್ಷೆ ಫೀಸು, ಪ್ರಾಜೆಕ್ಟ್, ಲ್ಯಾಪ್‌ಟಾಪಿನ ಪಾಲು ಸೇರಿ 20 ಸಾವಿರ. ವರ್ಷಕ್ಕೆ 1.9 ಲಕ್ಷ, ನಾಲ್ಕು ವರ್ಷಕ್ಕೆ 7.6 ಲಕ್ಷ.

ಪಕ್ಕದಲ್ಲೇ ಇನ್ನೊಂದು ಸಾಲು ಎಳೆದೆ. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಸೀಟು, ಬೈಲಹೊಂಗಲದಿಂದ ದಿನಾ ಬಸ್ಸು. ಸುಮಾರು 45 ಕಿಲೋಮೀಟರ್ ದಾರಿ. ಫೀಸು ಅಷ್ಟೇ, ಇತರೆ 20 ಸಾವಿರ, ಪಾಸು ಮತ್ತು ಹೊರಗಿನ ತಿಂಡಿ 15 ಸಾವಿರ. ನಾಲ್ಕು ವರ್ಷಕ್ಕೆ 5.4 ಲಕ್ಷ. ಎರಡರ ನಡುವಿನ ಅಂತರ 2.2 ಲಕ್ಷ. ಹುಡುಗಿಯಾಗಿದ್ದರೆ ಈ ಅಂತರ ಇನ್ನೂ ಹಿಗ್ಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ. ನನ್ನ ಕಾಲದಲ್ಲಿ ಅದು ಇದ್ದಿದ್ದರೆ ನಾನು ಬಾಗಲಕೋಟೆಗೆ ಹೋಗುತ್ತಿದ್ದೆನೋ ಇಲ್ಲವೋ.

ಇನ್ನು ಸಾಲ. ಇದರಲ್ಲಿ ನಾನೇ ಎಡವಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು 1.5 ಲಕ್ಷ ಸಾಲ ಮಾಡಿದ್ದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟೋದು ಬೇಡ ಅಂದರು. ಕಟ್ಟೋದು ಬೇಡ ಅಂದರೆ ಬಡ್ಡಿಯೂ ಇಲ್ಲ ಅಂತ ನಾನೂ ಅಪ್ಪನೂ ತಿಳಿದುಕೊಂಡೆವು. ಬಡ್ಡಿ ಮೀಟರ್ ಮೊದಲ ದಿನದಿಂದಲೇ ಓಡುತ್ತಿತ್ತು. ಕಂತು ಶುರುವಾಗುವಾಗ ಪುಸ್ತಕದಲ್ಲಿ ಸುಮಾರು 2 ಲಕ್ಷ ಇತ್ತು. ತಿಂಗಳಿಗೆ 3,500 ರೂಪಾಯಿಯ ಕಂತು. ನನ್ನ ಮೊದಲ ಸಂಬಳ 9,500.

ಈಗಿನ ಲೆಕ್ಕ ಹೀಗೆ ಹಾಕಿ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇಕಡಾ 10 ಅಂತ ಹಿಡಿಯಿರಿ. ನಾಲ್ಕು ವರ್ಷ ಓದು, ಒಂದು ವರ್ಷ ಬಿಡುವು. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ಕೊನೆಯದಕ್ಕೆ 20. ಒಟ್ಟು 1.4 ಲಕ್ಷ. ಕಂತು ಶುರುವಾಗುವಾಗ ನಿಮ್ಮ ತಲೆ ಮೇಲೆ 5.4 ಲಕ್ಷ. ಏಳು ವರ್ಷದ ಕಂತಾದರೆ ತಿಂಗಳಿಗೆ ಸುಮಾರು 8,960 ರೂಪಾಯಿ. ಕೊನೆಗೆ ಕಟ್ಟಿದ್ದು ಏಳೂವರೆ ಲಕ್ಷ ದಾಟುತ್ತದೆ. ಅದೇ ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ? ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೇ ವರ್ಷಕ್ಕೂ ಬಿಡುವಿನ ವರ್ಷಕ್ಕೂ 3,333. ಕಂತು ಆಗ 6,640ಕ್ಕೆ ಇಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆ 2,300 ರೂಪಾಯಿ ಅಂದರೆ ಒಂದು ತಿಂಗಳ ಮೆಸ್ಸಿನ ಊಟ. ಅಕ್ಕ ಹಾಲಿನ ದುಡ್ಡಿನಲ್ಲಿ 833 ಕಟ್ಟಬಹುದು ಅಂದಳು. ಮೂರನೇ ವರ್ಷದ 2,500ಕ್ಕೆ ಬಂದಾಗ ಸುಮ್ಮನಾದಳು.

ಮನೆಯ ವರಮಾನ 4.5 ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಕಟ್ಟುವ ಯೋಜನೆಯಿದೆ. ಅದಕ್ಕೆ ಕಾಲೇಜಿಗೋ ಕೋರ್ಸಿಗೋ ನ್ಯಾಕ್ ಅಥವಾ ಎನ್‌ಬಿಎ (ಕಾಲೇಜು, ಕೋರ್ಸುಗಳ ಗುಣಮಟ್ಟ ಅಳೆಯುವ ಸಂಸ್ಥೆಗಳು) ಮಾನ್ಯತೆ ಇರಬೇಕು. ಸಾಲದ ಅರ್ಜಿ ಹಾಕುವ ದಿನವೇ ಇದನ್ನು ಬ್ಯಾಂಕಿನಲ್ಲಿ ಬಾಯಿ ಬಿಟ್ಟು ಕೇಳಿ. ಅವರಾಗಿ ಹೇಳಲಿ ಅಂತ ಕೂತರೆ ಕೂತೇ ಇರುತ್ತೀರಿ.

ಬ್ರಾಂಚಿನ ಹೆಸರಿನ ಬೆಲೆ

ಹಾಳೆಯ ಮೇಲಿದ್ದ ಆ 2.2 ಲಕ್ಷದ ಅಂತರಕ್ಕೆ ಬರೋಣ. ಅಷ್ಟು ಜಾಸ್ತಿ ಕೊಟ್ಟು ಹೋದರೆ ಇಂಡಸ್ಟ್ರಿಯಲ್ ಅನ್ನುವ ಹೆಸರು ವಾಪಸ್ ಏನು ಕೊಡುತ್ತದೆ?

ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿ, ಮಷಿನ್ ಶಾಪುಗಳಲ್ಲಿ ಹೊಸಬರಿಗೆ ಎರಡೂ ಬ್ರಾಂಚಿಗೆ ಒಂದೇ ಸಂಬಳ. ನಾನೇ ಈಗ ಸಂದರ್ಶನ ಮಾಡುವವಳು, ನನಗೆ ಗೊತ್ತು. ಮೆಕ್ಯಾನಿಕಲ್ ಹುಡುಗ ಬಂದರೂ ಐಪಿ ಹುಡುಗಿ ಬಂದರೂ ನಾನು ಕೇಳುವುದು ಡ್ರಾಯಿಂಗ್ ಓದಲು ಬರುತ್ತದೆಯೇ, ಎಕ್ಸೆಲ್ ಬರುತ್ತದೆಯೇ, ಯಾವುದಾದರೂ ಕೆಲಸವನ್ನು ನಿಂತು ಅಳೆದಿದ್ದೀರಾ ಅಂತ.

ಸರಕಾರಿ ನೌಕರಿಯ ವಿಚಾರದಲ್ಲಿ ಹೆಸರು ಒಮ್ಮೊಮ್ಮೆ ಎದುರು ತಿರುಗುತ್ತದೆ. 2013ರಲ್ಲಿ ನಾನೊಂದು ಹುದ್ದೆಗೆ ಪರೀಕ್ಷೆ ಬರೆದೆ. ದಾಖಲೆ ಪರಿಶೀಲನೆಗೆ ಕರೆ ಬಂತು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಸಾಲಿನಲ್ಲಿ ಮೂರು ತಾಸು ನಿಂತೆ. ಮೇಜಿನ ಆಚೆ ಕೂತವರು ಸರ್ಟಿಫಿಕೇಟನ್ನು ಎರಡು ಸಲ ಓದಿ, “ನಮಗೆ ಬೇಕಾಗಿರೋದು ಮೆಕ್ಯಾನಿಕಲ್, ಇದು ಬೇರೆ” ಅಂದರು. ಅಧಿಸೂಚನೆಯಲ್ಲಿ “ಅಥವಾ ತತ್ಸಮಾನ” ಅನ್ನುವ ಮಾತು ಇತ್ತೋ ಇಲ್ಲವೋ ಅಂತ ನಾನು ಮೊದಲೇ ನೋಡಿರಲಿಲ್ಲ. ಇರಲಿಲ್ಲ. ಅದೇ ರಾತ್ರಿ ಬಸ್ಸಿಗೆ ವಾಪಸ್. ನಿಮ್ಮ ಮನೆಯಲ್ಲಿ ಸರಕಾರಿ ನೌಕರಿಯ ಆಸೆ ಗಟ್ಟಿಯಾಗಿದ್ದರೆ, ಬೇಕಾದ ಹುದ್ದೆಯ ಹಳೆಯ ಎರಡು ಮೂರು ಅಧಿಸೂಚನೆ ಹುಡುಕಿ ಆ ಒಂದು ಸಾಲನ್ನು ಓದಿ. ಯುಪಿಎಸ್‌ಸಿ ಎಂಜಿನಿಯರಿಂಗ್ ಸೇವೆಯಲ್ಲೂ ಇಂಡಸ್ಟ್ರಿಯಲ್ ಅಂತ ಬೇರೆ ಪತ್ರಿಕೆಯಿಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಅಷ್ಟೇ.

ಹೀಗೆ ಬರೆಯಲು ನನಗೇ ಸ್ವಲ್ಪ ಸಂಕಟ. ನನ್ನ ಬ್ರಾಂಚು ನನಗೆ ಅನ್ನ ಕೊಟ್ಟಿದೆ. ಆದರೂ ನನ್ನ ಅಭಿಪ್ರಾಯ ಇದು: ಮನೆ ಹತ್ತಿರ, ಸರಕಾರಿ ಕೋಟಾದಲ್ಲಿ, ಒಳ್ಳೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸಿಗುವುದಾದರೆ, ಬರೀ ಹೆಸರಿಗಾಗಿ ಐಪಿ ಹುಡುಕಿಕೊಂಡು ದೂರ ಹೋಗಿ ಸಾಲ ಮಾಡಬೇಡಿ. ಈ ಬ್ರಾಂಚಿನ ವಿಷಯಗಳಾದ ಆಪರೇಷನ್ಸ್ ರಿಸರ್ಚ್, ವರ್ಕ್ ಸ್ಟಡಿ, ಕ್ವಾಲಿಟಿ ಕಂಟ್ರೋಲ್ ಇವನ್ನು ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಕೇಳಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಫೀಸು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಲಕ್ಷಗಟ್ಟಲೆ ಸುರಿದು ಈ ಬ್ರಾಂಚ್ ತಗೊಳ್ಳೋದಂತೂ ಬೇಡವೇ ಬೇಡ.

ಲೆಕ್ಕ ತಿರುಗುವ ಜಾಗಗಳೂ ಇವೆ. ಬೆಂಗಳೂರು, ಮೈಸೂರಿನ ಕೆಲವು ಹಳೆಯ ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಅಥವಾ ಐಪಿ ವಿಭಾಗ ಗಟ್ಟಿಯಾಗಿದೆ. ಸಪ್ಲೈ ಚೈನ್, ಅನಾಲಿಟಿಕ್ಸ್ ಕೆಲಸಕ್ಕೆ ಕಂಪನಿಗಳು ಅಲ್ಲಿಗೇ ಬರುತ್ತವೆ. ಕಂಪ್ಯೂಟರ್ ಸೈನ್ಸ್ ಸಿಗದ ರ‍್ಯಾಂಕಿಗೆ ಅಂಥ ಕಡೆ ಈ ಬ್ರಾಂಚ್ ಸಿಗುವುದುಂಟು. ಆಗ ಹಾಸ್ಟೆಲ್ ಖರ್ಚು ಹೊರೆ ಅನ್ನಿಸಿದರೂ ಯೋಚನೆ ಮಾಡಬಹುದು. ಆದರೆ ಸೇರುವ ಮೊದಲು ಒಂದು ಫೋನ್ ಮಾಡಿ, ವಿಭಾಗ ಇನ್ನೂ ನಡೆಯುತ್ತಿದೆಯೇ, ಈ ವರ್ಷ ಎಷ್ಟು ಸೀಟು ಅಂತ ಕೇಳಿ. ಈ ಬ್ರಾಂಚ್ ಮುಚ್ಚಿ ಬೇರೆ ಹೆಸರಿಟ್ಟ ಕಾಲೇಜುಗಳು ಇವೆ.

ಪ್ಲೇಸ್‌ಮೆಂಟ್ ಫ್ಲೆಕ್ಸನ್ನು ಓದುವುದು ಹೇಗೆ

ಕಾಲೇಜಿನ ಗೇಟಿನಲ್ಲಿ ದೊಡ್ಡ ಫ್ಲೆಕ್ಸ್ ಇರುತ್ತದೆ. ಹೆಚ್ಚಿನ ಪ್ಯಾಕೇಜ್ ಇಷ್ಟು, ಸರಾಸರಿ ಇಷ್ಟು. ಹೆಚ್ಚಿನದನ್ನು ಓದಲೇಬೇಡಿ. ಸರಾಸರಿಯನ್ನೂ ನಂಬಬೇಡಿ. ಹತ್ತು ಮಕ್ಕಳಲ್ಲಿ ಒಬ್ಬನಿಗೆ 12 ಲಕ್ಷ, ಒಂಬತ್ತು ಜನಕ್ಕೆ 3 ಲಕ್ಷ ಸಿಕ್ಕರೆ ಸರಾಸರಿ 3.9 ಲಕ್ಷ ಬರುತ್ತದೆ. ಆ 3.9 ಯಾರಿಗೂ ಸಿಕ್ಕಿಲ್ಲ! ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ ಎಷ್ಟು ಅನ್ನೋದು ಮುಖ್ಯ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಮಯಕ್ಕೆ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನವನ ಸಂಬಳ ಎಷ್ಟು ಅಂತ ಬರೆದುಕೊಡಬೇಕು. ಅದನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಿರುತ್ತಾರೆ. ಅದು ಇಡೀ ಕಾಲೇಜಿನ ಅಂಕಿ, ಬ್ರಾಂಚಿನದಲ್ಲ. ಆದರೂ ಫ್ಲೆಕ್ಸಿಗಿಂತ ನೂರು ಪಾಲು ವಾಸಿ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಆಫರ್ ಸಿಕ್ಕವರಲ್ಲಿ ಕೆಲಸಕ್ಕೆ ನಿಜವಾಗಿ ಸೇರಿದವರೆಷ್ಟು? ನನ್ನನ್ನೇ ನೋಡಿ. ಕ್ಯಾಂಪಸ್‌ನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಸಿಕ್ಕಿತ್ತು. ಮನೆಯಲ್ಲಿ ಪೇಡೆ ಹಂಚಿದ್ದರು. ಸೇರುವ ದಿನಾಂಕ ಮಾತ್ರ ಬರಲೇ ಇಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಆಗಸ್ಟಿನಲ್ಲಿ ನಾನು ಉದ್ಯಮಬಾಗದ ಗೇಟು ಗೇಟಿಗೆ ಬಯೋಡೇಟಾ ಹಿಡಿದುಕೊಂಡು ನಡೆದೆ. ಆ ವರ್ಷದ ಪಟ್ಟಿಯಲ್ಲಿ ಮಾತ್ರ ನಾನು ಕೆಲಸ ಸಿಕ್ಕವಳೇ. ಹೋದ ವರ್ಷ, ಅದರ ಹಿಂದಿನ ವರ್ಷ ಪಾಸಾದ, ನಡುವಿನ ಅಂಕದ ಇಬ್ಬರು ಮೂವರನ್ನು ಹುಡುಕಿ ಮಾತಾಡಿ. ಟಾಪರ್ ಬೇಡ.

ನನ್ನ ಸಂಬಳದ ದಾರಿಯನ್ನೂ ಹಾಳೆಯ ಮೇಲೆ ಬರೆದೆ, ಮುಚ್ಚಿಡೋದು ಏನಿದೆ. 2011ರಲ್ಲಿ 9,500. 2013ರಲ್ಲಿ 14,000. 2014ರಲ್ಲಿ ಪುಣೆಯ ಭೋಸರಿಗೆ ಹೋದೆ, 24,000. ರೂಮು, ಮೆಸ್ಸು, ಓಡಾಟಕ್ಕೆ 9,000 ಹೋಗಿ 15,000 ಕೈಯಲ್ಲಿ ಉಳಿಯುತ್ತಿತ್ತು. ಬೆಳಗಾವಿಯಲ್ಲಿ ಕಂತು ಕಟ್ಟಿ ಪಿಜಿಗೆ ಕೊಟ್ಟಮೇಲೆ ಏನೂ ಉಳಿಯುತ್ತಿರಲಿಲ್ಲ. ಪುಣೆಗೆ ಹೋದಮೇಲೆ ಸಾಲ ಎರಡು ವರ್ಷ ಮೊದಲೇ ತೀರಿತು. 2017ರಲ್ಲಿ ಮದುವೆಯಾಗಿ ವಾಪಸ್ ಬಂದಾಗ 30,000 ಕೇಳುವ ಧೈರ್ಯ ಇತ್ತು. ಮೊದಲ ಮೂರು ವರ್ಷ ಬಡಕಲು, ಆಮೇಲೆ ಏರಿಕೆ. ಈ ಬ್ರಾಂಚಿನಲ್ಲಿ ನಾನು ಕಂಡ ಹೆಚ್ಚಿನವರ ಕಥೆ ಇದೇ. ಹಾಗಾಗಿ ಮೊದಲ ಸಂಬಳದಲ್ಲಿ ಕಂತು ಕಟ್ಟಿ ಬದುಕಲು ಆಗುತ್ತದೆಯೇ ಅಂತ ಬೇರೆಯಾಗಿ ನೋಡಿ, ಐದನೇ ವರ್ಷದ ಸಂಬಳವನ್ನು ಬೇರೆಯಾಗಿ ನೋಡಿ. ಎರಡನ್ನೂ ಕಲಸಿ ಒಂದೇ ಅಂಕಿ ಮಾಡಿದರೆ ಮೋಸ ಹೋಗುತ್ತೀರಿ.

ಆ ಏರಿಕೆ ಎಲ್ಲಿಂದ ಬಂತು

ಸರ್ಟಿಫಿಕೇಟಿನಿಂದ ಅಲ್ಲ, ಒಂದು ರ‍್ಯಾಕಿನಿಂದ.

ಸೇರಿದ ಹೊಸತರಲ್ಲಿ ನನ್ನನ್ನು ಮೋಲ್ಡಿಂಗ್ ಲೈನಿನಲ್ಲಿ ನಿಲ್ಲಿಸಿದ್ದರು. ಮರಳಿನ ಅಚ್ಚಿನೊಳಗೆ ಕೋರ್ (ಎರಕದ ಒಳಗೆ ಟೊಳ್ಳು ಬಿಡಲು ಇಡುವ ತುಂಡು) ಇಡುವ ಒಬ್ಬ ಹಿರಿಯರಿದ್ದರು. ನಾನು ಪುಸ್ತಕದಲ್ಲಿ ಓದಿದಂತೆ ಸ್ಟಾಪ್‌ವಾಚ್ ಹಿಡಿದು ಅವರೆದುರು ನಿಂತೆ. ಟೈಮ್ ಸ್ಟಡಿ ಹೀಗೆ: ಅಳೆದ ಸರಾಸರಿ 50 ಸೆಕೆಂಡು ಅನ್ನಿ, ಆ ಮನುಷ್ಯನ ವೇಗ ಶೇಕಡಾ 90 ಅಂತ ಅಂದಾಜಿಸಿದರೆ 45 ಆಗುತ್ತದೆ, ಅದಕ್ಕೆ ದಣಿವು, ನೀರು ಕುಡಿಯುವುದು ಇತ್ಯಾದಿಗೆ ಶೇಕಡಾ 15 ಸೇರಿಸಿದರೆ ಸುಮಾರು 52 ಸೆಕೆಂಡಿನ ಸ್ಟ್ಯಾಂಡರ್ಡ್ ಟೈಮ್. ಎರಡು ದಿನ ಅವರು ಏನೂ ಅನ್ನಲಿಲ್ಲ. ಮೂರನೇ ದಿನ ಕೈ ಒರೆಸಿಕೊಳ್ಳುತ್ತ ಹೇಳಿದರು.

“ಅಕ್ಕಾರ, ಆ ಗಡಿಯಾರ ನನ್ನ ಮ್ಯಾಲೆ ಹಿಡೀಬ್ಯಾಡ್ರಿ. ಆ ರ‍್ಯಾಕ್ ಮ್ಯಾಲೆ ಹಿಡೀರಿ.”

ಕೋರ್ ಇಡುವ ರ‍್ಯಾಕು ಹನ್ನೊಂದು ಹೆಜ್ಜೆ ದೂರದಲ್ಲಿ, ಗೋಡೆಗೆ ಒರಗಿತ್ತು. ಭಾರದ ಕೋರುಗಳು ಕೆಳಗಿನ ಹಲಗೆಯಲ್ಲಿ. ಪ್ರತಿ ಅಚ್ಚಿಗೂ ನಡೆದು, ಬಗ್ಗಿ, ಎತ್ತಿ, ವಾಪಸ್ ಬರಲು 26 ಸೆಕೆಂಡು. ನೂರು ವರ್ಷದ ಹಿಂದೆ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವವರು ನೆಲಕ್ಕೆ ಬಗ್ಗದ ಹಾಗೆ ಇಟ್ಟಿಗೆಯನ್ನು ಮೇಲಕ್ಕೆ ತಂದು, ಒಂದು ಇಟ್ಟಿಗೆಗೆ ಬೇಕಾದ 18 ಚಲನೆಗಳನ್ನು 5ರ ಹತ್ತಿರಕ್ಕೆ ಇಳಿಸಿದ ಕಥೆಯನ್ನು ನಾನು ಪರೀಕ್ಷೆಯಲ್ಲಿ ಎಂಟು ಅಂಕಕ್ಕೆ ಬರೆದಿದ್ದೆ. ಕಣ್ಣೆದುರು ಅದೇ ನಡೆಯುತ್ತಿದ್ದಾಗ ಕಂಡಿರಲಿಲ್ಲ. ರ‍್ಯಾಕಿಗೆ ಗಾಲಿ ಹಾಕಿಸಿ ಪಕ್ಕಕ್ಕೆ ತಂದೆವು, ಭಾರದ್ದನ್ನು ಸೊಂಟದ ಎತ್ತರಕ್ಕೆ ಇಟ್ಟೆವು. 1,800 ರೂಪಾಯಿ ಖರ್ಚು. 26 ಸೆಕೆಂಡು 8ಕ್ಕೆ ಬಂತು. ಶಿಫ್ಟಿಗೆ 300 ಅಚ್ಚು, ಅಂದರೆ ಒಂದೂವರೆ ತಾಸು ಉಳಿತಾಯ. ನಾನು ಹಿಗ್ಗಿ ಮ್ಯಾನೇಜರಿಗೆ ವರದಿ ಕೊಟ್ಟೆ.

ಅವರು ಕೇಳಿದ್ದು ಒಂದೇ ಮಾತು. “ಹಾಗಾದರೆ ನಿನ್ನೆ ಎಷ್ಟು ಕಾಸ್ಟಿಂಗ್ ಜಾಸ್ತಿ ಬಂತು?”

ಒಂದೂ ಬಂದಿರಲಿಲ್ಲ. ಅಚ್ಚುಗಳು ಬೇಗ ಸಿದ್ಧವಾಗಿ ಕರಗಿದ ಕಬ್ಬಿಣಕ್ಕೆ ಕಾಯುತ್ತ ನಿಂತಿದ್ದವು. ಅಡ್ಡಿ ಇದ್ದದ್ದು ಫರ್ನೇಸಿನಲ್ಲಿ. ಅವ್ವನ ಹಂಚಿನ ಕಥೆಯೇ. ಆಮೇಲೆ ಎರಡು ವಾರ ಫರ್ನೇಸಿನ ಹತ್ತಿರ ನಿಂತು, ಸ್ಕ್ರ್ಯಾಪ್ ತುಂಬುವ ಸಮಯ, ಸ್ಯಾಂಪಲ್ ಪರೀಕ್ಷೆಗೆ ಕಾಯುವ ಸಮಯ ಬರೆದುಕೊಂಡು, ತುಂಬುವ ಕ್ರಮ ಬದಲಿಸಿದಾಗ ಶಿಫ್ಟಿಗೆ 40 ಅಚ್ಚು ಜಾಸ್ತಿ ಹೊಯ್ಯಲು ಆಯಿತು. ಪುಣೆಯ ಸಂದರ್ಶನದಲ್ಲಿ ನಾನು ಹೇಳಿದ್ದು ಈ ಎರಡೂ ಕಥೆ, ಸೋತದ್ದೂ ಸೇರಿಸಿ. 14,000ದಿಂದ 24,000ಕ್ಕೆ ಹೋಗಿದ್ದು ಅದರಿಂದ.

ಅದಕ್ಕೇ ಅಕ್ಕನ ಮಗನಿಗೆ ಹೇಳಿದೆ: ಓದುವ ನಾಲ್ಕು ವರ್ಷದಲ್ಲಿ ಇಂಥ ಒಂದಾದರೂ ಕೆಲಸ ಕೈಯಾರೆ ಮಾಡಬೇಕು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವ ಎರಡು ಅಂಕಿಯ ಜೊತೆಗೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಡ. ರಜೆಯಲ್ಲಿ ಉದ್ಯಮಬಾಗದ ಸಣ್ಣ ಶಾಪೊಂದರಲ್ಲಿ ನಿಂತರೂ ಸಾಕು. ಅಲ್ಲಿನ ಮಾಲೀಕರಿಗೆ ಪುಕ್ಕಟೆ ಲೆಕ್ಕ ಸಿಗುತ್ತದೆ, ನಿನಗೆ ಕಥೆ ಸಿಗುತ್ತದೆ.

ಬೇರೆ ದಾರಿಗಳು, ಚುಟುಕಾಗಿ

ಫೌಂಡ್ರಿ ಬೇಡ ಅನ್ನುವವರಿಗೆ ಬೆಂಗಳೂರು, ದೊಡ್ಡಬಳ್ಳಾಪುರ ಕಡೆಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಅಂತಲೇ ವಿಭಾಗವಿರುತ್ತದೆ. ಒಂದು ಅಂಗಿ ಹೊಲಿಯಲು ಎಷ್ಟು ನಿಮಿಷ ಅನ್ನುವ ಸ್ಯಾಮ್ ಲೆಕ್ಕವೇ ಅಲ್ಲಿ ದೇವರು. ಗುರಿ ಮುಟ್ಟದ ದಿನ ಬೈಗುಳವೂ ಐಇಗೇ. ಆನ್‌ಲೈನ್ ಮಾರಾಟದ ಗೋದಾಮು, ಕಂಪನಿಗಳ ವ್ಯವಹಾರ ನೋಡುವ ಎಸ್‌ಎಪಿ ಸಾಫ್ಟ್‌ವೇರ್, ದೊಡ್ಡ ಆಸ್ಪತ್ರೆಗಳ ಆಪರೇಷನ್ಸ್ ಇಲ್ಲೆಲ್ಲ ನನ್ನ ಸಹಪಾಠಿಗಳಿದ್ದಾರೆ.

ಮುಂದೆ ಓದುವುದಾದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್‌ಗೆ ಪಿಐ ಅಂತ ಬೇರೆ ಪತ್ರಿಕೆಯೇ ಇದೆ. ಪಾಸಾಗಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಹಾಗಾಗಿ ಅದು ಮನೆಗೆ ಹೊರೆಯಲ್ಲ. ಈ ವಿಷಯಕ್ಕೇ ಅಂತ 1963ರಲ್ಲಿ ಶುರುವಾದ ಮುಂಬೈನ ನೀಟಿ ಸಂಸ್ಥೆ 2023ರಲ್ಲಿ ಐಐಎಂ ಮುಂಬೈ ಆಯಿತು. ಒಂದೆರಡು ವರ್ಷ ಶಾಪಿನಲ್ಲಿ ದುಡಿದು ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆ ಬರೆಯುವವರಿಗೆ ಒಳ್ಳೆಯ ದಾರಿ. ಅಮೆರಿಕದ ಎಂಎಸ್ ಬಗ್ಗೆ ಕೇಳಿದರೆ ಅದು ಬೇರೆಯೇ ಅಳತೆಯ ಜೂಜು, ಬೈಲಹೊಂಗಲದ ಹೊಲ ಅಡ ಇಟ್ಟು ಆಡುವಂಥದ್ದಲ್ಲ ಅಂತಷ್ಟೇ ಹೇಳುತ್ತೇನೆ.

ಡಿಪ್ಲೊಮಾ ಮುಗಿಸಿ ಈಗಾಗಲೇ ಕೆಲಸಕ್ಕೆ ಹೋಗುತ್ತಿರುವವರ ಲೆಕ್ಕ ಬೇರೆ. ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು, ಮೂರೇ ವರ್ಷ. ಆದರೆ ತಿಂಗಳಿಗೆ 15,000 ದುಡಿಯುತ್ತಿರುವ ಹುಡುಗ ಕೆಲಸ ಬಿಟ್ಟರೆ ಮೂರು ವರ್ಷಕ್ಕೆ 5.4 ಲಕ್ಷದ ಸಂಬಳ ಹೋಗುತ್ತದೆ. ಫೀಸಿನ ಪಕ್ಕದಲ್ಲಿ ಅದನ್ನೂ ಬರೆಯಬೇಕು. ನಮ್ಮ ಪಕ್ಕದ ಮನೆಯ ಹುಡುಗ ಬರೆದು ನೋಡಿ, ಹೋಗದೇ ಕಂಪ್ಯೂಟರ್ ನಡೆಸುವ ಯಂತ್ರಗಳ ಸಿಎನ್‌ಸಿ ಪ್ರೋಗ್ರಾಮಿಂಗ್ ಗಟ್ಟಿ ಮಾಡಿಕೊಂಡ. ನಾನು ಅವನ ನಿರ್ಧಾರ ತಪ್ಪು ಅನ್ನಲಾರೆ.

ಹಾಳೆ ತುಂಬಿದ ಮೇಲೆ

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಸೀಟುಗಳನ್ನು ಕ್ರಮವಾಗಿ ಬರೆಯುವಾಗ, ಅಕ್ಕನ ಮಗ ಬೆಳಗಾವಿಯ ಮೆಕ್ಯಾನಿಕಲ್ ಸೀಟುಗಳನ್ನು ಮೇಲಿಟ್ಟ, ಮೈಸೂರಿನ ಐಪಿಯನ್ನು ಅದರ ಕೆಳಗೆ, ಬಾಗಲಕೋಟೆಯನ್ನು ಮೂರನೆಯದಾಗಿ. ಅಣಕು ಹಂಚಿಕೆಯಲ್ಲಿ ಬಾಗಲಕೋಟೆ ಬಂತು. ಅದು ಸುಮ್ಮನೆ ಅಂದಾಜು, ಅದಾದ ಮೇಲೂ ಕ್ರಮ ಬದಲಿಸಬಹುದು. ಅಕ್ಕ ಗಾಬರಿಯಾಗಿ ಎಲ್ಲ ತಿರುವಿ ಹಾಕು ಅಂದಳು. ನಾವು ಹಾಳೆಯನ್ನೇ ಮತ್ತೊಮ್ಮೆ ನೋಡಿ ಕ್ರಮವನ್ನು ಹಾಗೇ ಬಿಟ್ಟೆವು. ಮೊದಲ ಸುತ್ತಿನಲ್ಲೂ ಬಾಗಲಕೋಟೆಯೇ ಬಂದಾಗ ಅವನು ಎರಡನೇ ಚಾಯ್ಸ್ ಒತ್ತಿದ. ಅಂದರೆ ಫೀಸು ಕಟ್ಟಿ ಈ ಸೀಟು ಹಿಡಿದುಕೊಳ್ಳುವುದು, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗುವುದು. ಮೂರನೇ ಚಾಯ್ಸ್ ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ, ಅದನ್ನು ನೋಡಿಕೊಂಡು ಒತ್ತಿ.

ಎರಡನೇ ಸುತ್ತಿನಲ್ಲಿ ಬೆಳಗಾವಿ ಮೆಕ್ಯಾನಿಕಲ್ ಬಂತು. ಈಗ ದಿನಾ ಬೈಲಹೊಂಗಲದ ಬಸ್ಸಿಗೆ ಬರುತ್ತಾನೆ. ಎರಡನೇ ಶನಿವಾರ ರಜೆ ಇದ್ದಾಗ ನಮ್ಮ ಫೌಂಡ್ರಿಯ ಫೆಟ್ಲಿಂಗ್ ಶಾಪಿನಲ್ಲಿ (ಎರಕದ ಒರಟು ಅಂಚು ತಿಕ್ಕುವ ಕಡೆ) ವಹಿ, ಪೆನ್ನು ಹಿಡಿದು ನಿಂತಿರುತ್ತಾನೆ. ಹೋದ ವಾರ ಗ್ರೈಂಡಿಂಗ್ ವೀಲ್ ಬದಲಿಸುವ ಸಮಯ ಬರೆದುಕೊಂಡು ಬಂದಿದ್ದ. ಒಬ್ಬರದು 4 ನಿಮಿಷ, ಇನ್ನೊಬ್ಬರದು 11. ಯಾಕೆ ಅಂತ ಕೇಳಿದೆ. ಸ್ಪ್ಯಾನರ್ ಒಂದೇ ಐತಿ ಚಿಗವ್ವ, ಅಂದ.